ಚಿತ್ರೀಕರಿಸಿದ ಒಪೆರಾವನ್ನೂ ಅದರ ನಾಯಕಿಯ ಗಾಯನವನ್ನೂ ತೂಗಿ ನೋಡುವುದು ಹೇಗೆ: ‘ಲಾ ತ್ರಾವಿಯಾತಾ’ವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಪರದೆಯ ಮೇಲೆ ಒಪೆರಾವನ್ನು, ಅಂದರೆ ಹಾಡಿನಲ್ಲಿಯೇ ನಡೆಯುವ ಪಾಶ್ಚಾತ್ಯ ನಾಟಕವನ್ನು, ನೋಡಿ ಎದ್ದವರ ಬಾಯಿಂದ ಸಾಮಾನ್ಯವಾಗಿ ಎರಡೇ ಮಾತು ಹೊರಡುತ್ತವೆ: ಎಂಥ ಕಂಠ, ಎಂಥ ಅಭಿನಯ. ಎರಡೂ ನಿಜವಿರಬಹುದು. ಆದರೆ ಆ ಕಂಠದಲ್ಲಿ ಗಾಯಕಿಯ ಪಾಲೆಷ್ಟು, ಮೈಕಿನ ಪಾಲೆಷ್ಟು, ಆ ಅಭಿನಯದಲ್ಲಿ ಅವರದೆಷ್ಟು, ಕ್ಯಾಮೆರಾ ಮತ್ತು ಸಂಕಲನದ್ದೆಷ್ಟು ಎಂದು ಬಿಡಿಸಿ ನೋಡುವವರೆಗೆ ಅವು ಮೆಚ್ಚುಗೆಯ ಮಾತುಗಳಾಗಿಯೇ ಉಳಿಯುತ್ತವೆ. ಹಾಗೆ ಬಿಡಿಸಿ ನೋಡುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಉದಾಹರಣೆಗೆ ಇಟಲಿಯ ಸಂಗೀತಕಾರ ಜುಸೆಪ್ಪೆ ವೆರ್ದಿಯ ‘ಲಾ ತ್ರಾವಿಯಾತಾ’ವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಎರಡು ಕಾರಣಗಳಿವೆ. ಒಂದನೆಯದು, ಇದರ ಒಳ್ಳೆಯ ಚಿತ್ರಿತ ರೂಪಗಳು ಹಲವು ಸಿಗುತ್ತವೆ ಮತ್ತು ಅವು ಒಂದರಂತೆ ಒಂದಿಲ್ಲ. ಎರಡನೆಯದು, ಕ್ಷಯರೋಗದಿಂದ ಸಾಯುವ ಪ್ಯಾರಿಸ್ಸಿನ ವಿಲಾಸಿನಿ ವಿಯೊಲೆತ್ತಾಳ ಪಾತ್ರವು ಒಬ್ಬಳೇ ಸೊಪ್ರಾನೊಳಿಂದ (ಎತ್ತರದ ಸ್ಥಾಯಿಯ ಗಾಯಕಿಯಿಂದ) ಮೂರು ಬಗೆಯ ಕಂಠವನ್ನು ಬೇಡುತ್ತದೆ: ಮೊದಲ ಅಂಕದಲ್ಲಿ ಬಿರ್ಕಾಗಳನ್ನು ಮಿಂಚಿನಂತೆ ಹಾಡಬಲ್ಲ ಹಗುರ ಕಂಠ, ಎರಡನೆಯದರಲ್ಲಿ ಉದ್ದನೆಯ ಸಾಲುಗಳನ್ನು ತುಂಬಿ ಹಾಡುವ ಕಂಠ, ಮೂರನೆಯದರಲ್ಲಿ ಮಾತಿಗೂ ಹಾಡಿಗೂ ನಡುವೆ ನಿಲ್ಲಬಲ್ಲ ನಾಟಕದ ಕಂಠ. ಮೂರನ್ನೂ ಒಂದೇ ಮಟ್ಟದಲ್ಲಿ ಕೊಟ್ಟ ಗಾಯಕಿಯರು ತೀರ ಕಡಿಮೆ. ಹಾಗಾಗಿ ಯಾರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂದು ಗುರುತಿಸುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ನೋಡುವ ಮೊದಲು ಓದಿಕೊಳ್ಳಿ

ಫ್ರಾಂಚೆಸ್ಕೊ ಮರಿಯಾ ಪಿಯಾವೆ ಬರೆದ ಇದರ ಸಾಹಿತ್ಯವನ್ನು ಅನುವಾದದೊಂದಿಗೆ ಒಮ್ಮೆ ಪೂರ್ತಿ ಓದಿ. ಒಂದು ಗಂಟೆಗಿಂತ ಹೆಚ್ಚು ಸಮಯ ಬೇಕಾಗದು. ಸಬ್‌ಟೈಟಲ್‌ಗಳು ನಾಲ್ಕು ಸಾಲನ್ನು ಒಂದಾಗಿ ಅಡಕಿಸುವುದರಿಂದ ಅವನ್ನೇ ನಂಬಿಕೊಂಡರೆ ಗಾಯಕಿ ಯಾವ ಪದಕ್ಕೆ ಒತ್ತು ಕೊಟ್ಟರು ಎಂಬುದು ತಿಳಿಯುವುದೇ ಇಲ್ಲ. ಸ್ವರಲಿಪಿ ಓದಬಲ್ಲವರು ಪಿಯಾನೊ ಸಹಿತವಾದ ಗಾಯನ ಪ್ರತಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಹಳೆಯ ಮುದ್ರಣಗಳ ಮೇಲೆ ಹಕ್ಕುಸ್ವಾಮ್ಯ ಉಳಿದಿಲ್ಲದ ಕಾರಣ ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಓದುವಾಗ ಕತ್ತರಿ ಪ್ರಯೋಗದ ಕಡೆಗೂ ಗಮನವಿರಲಿ. ಈ ಕೃತಿಯಲ್ಲಿ ಕೆಲವು ಭಾಗಗಳನ್ನು ಕೈಬಿಡುವ ರೂಢಿ ಬಹಳ ಹಳೆಯದು. ಎರಡನೆಯ ಅಂಕದಲ್ಲಿ ವಿಯೊಲೆತ್ತಾಳ ಪ್ರಿಯಕರ ಆಲ್ಫ್ರೆದೊ ಮತ್ತು ಅವನ ತಂದೆ ಜೆರ್ಮೊಂತ್ ಹಾಡುವ ವೇಗದ ಮುಕ್ತಾಯಗೀತೆಗಳು, ಮೊದಲ ಅಂಕದ ‘ಆ, ಫೋರ್ಸೆ ಲೂಯಿ’ಯ ಎರಡನೆಯ ಚರಣ, ಮೂರನೆಯ ಅಂಕದ ‘ಅದ್ದಿಯೊ ದೆಲ್ ಪಸ್ಸಾತೊ’ದ ಎರಡನೆಯ ಚರಣ ಇವು ಹೀಗೆ ಹೆಚ್ಚಾಗಿ ಬಲಿಯಾಗುವ ಭಾಗಗಳು. ನಾಯಕಿಯನ್ನು ತೂಗುವವರಿಗೆ ಇದು ಮುಖ್ಯವಾದ ವಿಷಯ, ಏಕೆಂದರೆ ಎರಡೂ ಚರಣಗಳನ್ನು ಹಾಡುವ ಗಾಯಕಿಗೆ ಶ್ರಮ ಹೆಚ್ಚು ಮಾತ್ರವಲ್ಲ, ಅದೇ ರಾಗವನ್ನು ಎರಡನೆಯ ಸಲ ಬೇರೆ ಬಣ್ಣದಲ್ಲಿ ಕೊಡುವ ಹೊಣೆಯೂ ಅವರ ಮೇಲೆ ಬೀಳುತ್ತದೆ. ಒಂದೇ ಚರಣ ಹಾಡಿದವರನ್ನು ಎರಡು ಚರಣ ಹಾಡಿದವರ ಪಕ್ಕ ನಿಲ್ಲಿಸುವಾಗ ಈ ವ್ಯತ್ಯಾಸವನ್ನು ಹೇಳದೆ ಬಿಡುವುದು ನ್ಯಾಯವಲ್ಲ.

ಇದು ಯಾವ ಬಗೆಯ ಚಿತ್ರ ಎಂದು ಮೊದಲೇ ನಿರ್ಧರಿಸಿ

ಒಪೆರಾ ಚಿತ್ರಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಮೊದಲನೆಯದು ಸಿನಿಮಾದ ರೀತಿಯಲ್ಲಿಯೇ ತಯಾರಾದದ್ದು. ಹಾಡು ಮೊದಲೇ ಧ್ವನಿಮುದ್ರಣವಾಗಿರುತ್ತದೆ ಮತ್ತು ಗಾಯಕರು ಅದಕ್ಕೆ ತುಟಿಯಾಡಿಸುತ್ತಾರೆ. ಫ್ರಾಂಕೊ ಜೆಫಿರೆಲ್ಲಿ 1982ರಲ್ಲಿ ತೆರೇಸಾ ಸ್ಟ್ರಾಟಸ್ ಮತ್ತು ಪ್ಲಾಸಿಡೊ ಡೊಮಿಂಗೊ ಅವರನ್ನು ಹಾಕಿಕೊಂಡು ಮಾಡಿದ ‘ಲಾ ತ್ರಾವಿಯಾತಾ’ ಈ ಬಗೆಯದು. ಎರಡನೆಯದು ರಂಗಪ್ರದರ್ಶನವನ್ನು ಪ್ರೇಕ್ಷಕರ ಎದುರಿನಲ್ಲಿಯೇ ಚಿತ್ರೀಕರಿಸಿದ್ದು. 1994ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಗೆಯೊರ್ಗ್ ಶೋಲ್ಟಿ ಅವರ ವಾದ್ಯವೃಂದ ಸಂಚಾಲನೆಯಲ್ಲಿ ಏಂಜೆಲಾ ಗಿಯೋರ್ಗಿಯು ಹಾಡಿದ್ದು, 2005ರಲ್ಲಿ ಜಾಲ್ಟ್ಸ್‌ಬುರ್ಗ್ ಉತ್ಸವದಲ್ಲಿ ವಿಲ್ಲಿ ಡೆಕರ್ ಅವರ ನಿರ್ದೇಶನದಲ್ಲಿ ಆನಾ ನೆಟ್ರೆಬ್ಕೊ ಹಾಡಿದ್ದು ಈ ಬಗೆಗೆ ಸೇರುತ್ತವೆ. ಮೂರನೆಯದು ಚಿತ್ರಮಂದಿರಗಳಿಗೆ ನೇರಪ್ರಸಾರವಾಗುವಂಥದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 2006ರ ಡಿಸೆಂಬರ್ 30ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಈ ಮೂರರಲ್ಲಿ ಯಾವುದಕ್ಕೂ ಸೇರದ ಅಪರೂಪದ ಪ್ರಯೋಗಗಳೂ ಉಂಟು. 1992ರ ಜುಲೈನಲ್ಲಿ ಪುಚ್ಚೀನಿಯ ‘ತೋಸ್ಕಾ’ವನ್ನು ಕಥೆ ನಡೆಯುವ ರೋಮ್ ನಗರದ ಅದೇ ಸ್ಥಳಗಳಿಂದ, ಅದೇ ಹೊತ್ತಿನಲ್ಲಿ ನೇರವಾಗಿ ಹಾಡಿಸಿ ಪ್ರಸಾರ ಮಾಡಿದಾಗ, ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ವಾದ್ಯವೃಂದದೊಂದಿಗೆ ಬೇರೊಂದು ಸ್ಟುಡಿಯೊದಲ್ಲಿ ಕುಳಿತು ಸಂಚಾಲನೆ ಮಾಡಿದ್ದರು.

ಚಿತ್ರದ ವಿವರಪಟ್ಟಿಯಲ್ಲಿ ಬಗೆಯ ಉಲ್ಲೇಖ ಇಲ್ಲದಿದ್ದರೂ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ. ನಿಜವಾಗಿ ಹಾಡುವವರ ಕತ್ತಿನ ನರಗಳು ಬಿಗಿಯುತ್ತವೆ, ಉದ್ದನೆಯ ಸಾಲಿಗೆ ಮುಂಚೆ ಪಕ್ಕೆಲುಬುಗಳು ಅಗಲವಾಗುತ್ತವೆ, ತಾರಸ್ಥಾಯಿಗೆ ಏರಿದಾಗ ದವಡೆ ಕೆಳಗಿಳಿಯುತ್ತದೆ, ಕೆಲವೊಮ್ಮೆ ಮುಖದ ಅಂದವೂ ಕೆಡುತ್ತದೆ. ಅತಿ ಎತ್ತರದ ಸ್ವರವನ್ನು ಯಾರಾದರೂ ಮುಗುಳ್ನಗುತ್ತ, ಬಾಯಿಯನ್ನು ಎರಡು ಬೆರಳಿನಷ್ಟೂ ತೆರೆಯದೆ ಹಾಡುತ್ತಿದ್ದರೆ ಅದು ತುಟಿಯಾಟವೆಂದೇ ತಿಳಿಯಬಹುದು. ಹಿನ್ನೆಲೆ ಗಾಯನದ ಸಿನಿಮಾಗಳಲ್ಲಿ ಬೆಳೆದ ನಮಗೆ ಇದು ತಪ್ಪೆಂದು ಅನಿಸುವುದೇ ಇಲ್ಲ, ಆದ್ದರಿಂದಲೇ ಸ್ವಲ್ಪ ಹೆಚ್ಚಿನ ಎಚ್ಚರ ಬೇಕು.

ಬಗೆ ತಿಳಿದ ಮೇಲೆ ಅಳತೆಗೋಲೂ ಬದಲಾಗಬೇಕು. ಸ್ಟುಡಿಯೊದಲ್ಲಿ ಮತ್ತೆ ಮತ್ತೆ ಹಾಡಲು ಅವಕಾಶವಿದ್ದ ಚಿತ್ರದಲ್ಲಿ ಶ್ರುತಿ ಜಾರಿದರೆ ಅದಕ್ಕೆ ಕ್ಷಮೆಯಿಲ್ಲ, ಆದರೆ ಅಲ್ಲಿ ಗಾಯಕಿಯ ದಮ್ಮನ್ನು ಹೊಗಳುವುದಕ್ಕೂ ಅರ್ಥವಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಆಸನಗಳ ಜಾಲ್ಟ್ಸ್‌ಬುರ್ಗ್ ಸಭಾಂಗಣದಲ್ಲಿ ಧ್ವನಿವರ್ಧಕದ ನೆರವಿಲ್ಲದೆ, ನಡುವೆ ಓಡುತ್ತ, ಸೋಫಾ ಹತ್ತಿ ಇಳಿಯುತ್ತ ಹಾಡಿದವರ ಒಂದೆರಡು ಒರಟು ಸ್ವರಗಳಿಗೆ ಬೇರೆಯದೇ ಬೆಲೆಯಿದೆ. ರಂಗಪ್ರದರ್ಶನದ ಡಿವಿಡಿಗಳಲ್ಲಿಯೂ ಹಲವು ರಾತ್ರಿಗಳ ಧ್ವನಿ ಮತ್ತು ಚಿತ್ರವನ್ನು ಹೊಲಿದು ಸೇರಿಸುವ ಪದ್ಧತಿಯಿರುವುದನ್ನು ಮರೆಯಬಾರದು. ಒಂದೇ ರಾತ್ರಿಯಲ್ಲಿ ಇಷ್ಟು ನಿಷ್ಕಳಂಕವಾಗಿ ಹಾಡಿದರು ಎಂದು ಬರೆಯುವ ಮೊದಲು ಹೊದಿಕೆಯ ಮೇಲಿನ ಸಣ್ಣಕ್ಷರಗಳನ್ನು ಓದಿ.

ಮೂರು ಸಲ ನೋಡುವ ಕ್ರಮ

ಮೊದಲ ಸಲ ಎಲ್ಲಿಯೂ ನಿಲ್ಲಿಸದೆ ನೋಡಿ, ಪೆನ್ನು ಮುಟ್ಟಬೇಡಿ. ಎರಡನೆಯ ಸಲ ಪರದೆಗೆ ಬೆನ್ನು ಮಾಡಿ ಕುಳಿತು ಕೇಳಿ. ಮೂರನೆಯ ಸಲ ಆಯ್ದ ದೃಶ್ಯಗಳನ್ನು ಮಾತ್ರ ಧ್ವನಿ ಪೂರ್ತಿ ತೆಗೆದು ನೋಡಿ. ಎರಡನೆಯ ಸಲ ಕಂಠದ ಬಗ್ಗೆ, ಮೂರನೆಯ ಸಲ ಅಭಿನಯ ಮತ್ತು ಕ್ಯಾಮೆರಾದ ಬಗ್ಗೆ ಬರೆದುಕೊಂಡ ಟಿಪ್ಪಣಿಗಳು ಮೊದಲ ಸಲದ ಅನುಭವದೊಂದಿಗೆ ಎಲ್ಲಿ ಜಗಳವಾಡುತ್ತವೆಯೋ ಅಲ್ಲಿಯೇ ವಿಮರ್ಶೆಯ ತಿರುಳಿರುತ್ತದೆ. ಕೇಳುವುದಕ್ಕೆ ಒಳ್ಳೆಯ ಹೆಡ್‌ಫೋನ್ ಅಥವಾ ಸ್ಪೀಕರ್ ಇರಲೇಬೇಕು. ಬಸ್ಸಿನಲ್ಲಿ ಮೊಬೈಲಿನ ಸ್ಪೀಕರಿನಿಂದ ಕೇಳಿ ಒಬ್ಬ ಗಾಯಕಿಯ ತಾರಸ್ಥಾಯಿ ಕೀರಲಾಗಿದೆ ಎಂದು ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಮನೆಯಲ್ಲಿ ಕೇಳಿದಾಗ ಕೀರಲಾಗಿದ್ದದ್ದು ಆ ಸ್ಪೀಕರ್ ಎಂದು ತಿಳಿದು ಇಡೀ ಪುಟವನ್ನೇ ಹೊಡೆದುಹಾಕಬೇಕಾಯಿತು.

ಕಂಠವನ್ನು ಕೇಳುವುದು

ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತ ಕೇಳಿ ಪಳಗಿದ ಕಿವಿಗೆ ಸೊಪ್ರಾನೊ ಗಾಯನದಲ್ಲಿ ಮೊದಲು ಎದುರಾಗುವ ತೊಡಕು ಸ್ವರದ ಕಂಪನ. ನಮ್ಮಲ್ಲಿ ಗಮಕವು ರಾಗದ ಅಂಗ. ಯಾವ ಸ್ವರಕ್ಕೆ ಎಷ್ಟು ಓಲಾಟ ಎಂಬುದನ್ನು ರಾಗವೇ ಹೇಳುತ್ತದೆ. ಒಪೆರಾ ಗಾಯಕಿಯ ಕಂಪನವು ರಾಗಕ್ಕೆ ಸೇರಿದ್ದಲ್ಲ. ಸರಿಯಾಗಿ ಸಾಗುವ ಉಸಿರಿನಿಂದ ಅದು ತಾನಾಗಿ ಹುಟ್ಟುತ್ತದೆ, ಸೆಕೆಂಡಿಗೆ ಸುಮಾರು 5ರಿಂದ 7 ಸಲ ಮಿಡಿಯುತ್ತದೆ ಮತ್ತು ಹೆಚ್ಚುಕಡಿಮೆ ಎಲ್ಲ ಸ್ವರಗಳಲ್ಲಿಯೂ ಒಂದೇ ಸಮನಾಗಿರುತ್ತದೆ. ಇದು ನಿಧಾನವಾಗಿ, ಅಗಲವಾಗಿ, ಸ್ವರ ಯಾವುದೆಂದೇ ತಿಳಿಯದಷ್ಟು ತೂಗಾಡತೊಡಗಿದರೆ ಅದು ದೋಷ. ಒಂದು ಉದ್ದನೆಯ ಸ್ವರ ಬಂದಾಗ ಕಣ್ಣುಮುಚ್ಚಿ ಅದರ ನಡುಬಿಂದುವನ್ನು ಗುನುಗಲು ಪ್ರಯತ್ನಿಸಿ. ಸುಲಭವಾಗಿ ಗುನುಗಲು ಬಂದರೆ ಶ್ರುತಿ ಗಟ್ಟಿಯಾಗಿದೆ ಎಂದು ಅರ್ಥ.

ಇನ್ನು ಉಸಿರು. ಗಾಯಕಿ ಪದದ ನಡುವೆ ಉಸಿರೆಳೆದುಕೊಳ್ಳುತ್ತಾರೆಯೇ, ಸಾಲಿನ ಕೊನೆಯ ಸ್ವರಗಳು ಸೊರಗುತ್ತವೆಯೇ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಬಿರುಕು ಕಾಣುತ್ತದೆಯೇ ಎಂಬ ಮೂರು ಪ್ರಶ್ನೆಗಳು ಸಾಕು. ಮೆಲುದನಿಯ ವಿಷಯದಲ್ಲಿ ಮಾತ್ರ ಪರದೆ ನಮಗೆ ಮೋಸ ಮಾಡುತ್ತದೆ. ಸಭಾಂಗಣದ ಕೊನೆಯ ಸಾಲಿಗೆ ತಲುಪದ ಪಿಸುಗುಟ್ಟುವಿಕೆಯನ್ನೂ ಮೈಕು ಹಿಡಿದು ನಮ್ಮ ಕಿವಿಗೆ ಸುರಿಯುತ್ತದೆ. ವಾದ್ಯವೃಂದವು ಜೋರಾಗಿ ನುಡಿಯುತ್ತಿರುವಾಗಲೂ ಗಾಯಕಿಯ ಮೆಲುಸ್ವರ ಅಸಹಜವಾಗಿ ಮುಂದೆ ನಿಂತಿದ್ದರೆ ಅದು ಧ್ವನಿಮಿಶ್ರಣ ಮಾಡಿದವರ ಕೃಪೆ.

*ಮೊದಲ ಅಂಕ.* ಅತಿಥಿಗಳೆಲ್ಲ ಹೋದ ಮೇಲೆ ವಿಯೊಲೆತ್ತಾ ಒಬ್ಬಳೇ ಹಾಡುವ ಸುದೀರ್ಘ ದೃಶ್ಯವು ‘ಸೆಂಪ್ರೆ ಲೀಬೆರಾ’ದಲ್ಲಿ ಮುಗಿಯುತ್ತದೆ. ಇದರ ಅಂತ್ಯದಲ್ಲಿ ಹಲವರು ಹಾಡುವ ಇ-ಫ್ಲಾಟ್ ಎಂಬ ಅತಿ ಎತ್ತರದ ಸ್ವರವನ್ನು ವೆರ್ದಿ ಬರೆದಿಲ್ಲ, ಅದು ರೂಢಿಯಿಂದ ಬಂದ ಸೇರ್ಪಡೆ. ಅದನ್ನು ಹಾಡಿದ್ದಕ್ಕೆ ಪೂರ್ಣಾಂಕ ಕೊಡುವುದೂ, ಹಾಡದಿದ್ದುದಕ್ಕೆ ಅಂಕ ಕಳೆಯುವುದೂ ಎರಡೂ ತಪ್ಪು. ಅದಕ್ಕಿಂತ ಮುಂಚೆ, ಸುಖಿಸಬೇಕು ಎಂಬ ಅರ್ಥದ ಪದದ ಮೇಲೆ ಏರಿಳಿಯುವ ವೇಗದ ಸ್ವರಸರಣಿಗಳನ್ನು ಕೇಳಿ. ಪ್ರತಿಯೊಂದು ಸ್ವರವೂ ಬಿಡಿಬಿಡಿಯಾಗಿ ಹರಳಿನಂತೆ ಕೇಳಿಸುತ್ತದೆಯೇ ಅಥವಾ ಎಲ್ಲ ಕಲಸಿಕೊಂಡು ಒಂದು ಜಾರುವಿಕೆಯಾಗಿದೆಯೇ? ಇಷ್ಟು ಸಾಲದು, ಆ ನಗುವಿನಂಥ ಸ್ವರಗಳ ಕೆಳಗೆ ಭಯ ಇದೆಯೇ ಎಂಬುದನ್ನೂ ಕೇಳಬೇಕು. ಹೊರಗಿನಿಂದ ಆಲ್ಫ್ರೆದೊನ ಪ್ರೇಮಗೀತೆ ತೇಲಿಬಂದಾಗ ಅವಳ ಸ್ವರ ಒಂದು ಕ್ಷಣ ತಡವರಿಸಿ ಮತ್ತೆ ಮೊದಲಿಗಿಂತ ಬಿರುಸಾಗುತ್ತದೆ. ತಡವರಿಸದೆ ಓಡಿಸಿಕೊಂಡು ಹೋದವರು ಬರಿಯ ಸಾಧಕದ ಪ್ರದರ್ಶನ ಮಾಡಿದ್ದಾರೆ ಎಂದೇ ನನ್ನ ಅಭಿಪ್ರಾಯ.

*ಎರಡನೆಯ ಅಂಕ.* ನನ್ನನ್ನು ಕೇಳಿದರೆ ವಿಯೊಲೆತ್ತಾಳ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ, ಚಪ್ಪಾಳೆ ಗಿಟ್ಟಿಸುವ ಮೊದಲ ಅಂಕದಲ್ಲಲ್ಲ. ಮಗನನ್ನು ಬಿಟ್ಟುಹೋಗು ಎಂದು ಜೆರ್ಮೊಂತ್ ಅವಳನ್ನು ಒಪ್ಪಿಸುವ ಯುಗಳವು ಹದಿನೈದು ನಿಮಿಷವನ್ನೂ ಮೀರಿ ಸಾಗುತ್ತದೆ. ಇದರಲ್ಲಿ ಅವಳು ತಿರಸ್ಕಾರದಿಂದ ಬೇಡಿಕೆಗೆ, ಬೇಡಿಕೆಯಿಂದ ಗಾಬರಿಗೆ, ಗಾಬರಿಯಿಂದ ಶರಣಾಗತಿಗೆ ಇಳಿಯುತ್ತಾಳೆ. ಶರಣಾಗತಿಯ ಆ ಕ್ಷಣವೇ ‘ದಿತೆ ಅಲ್ಲಾ ಜೋವಿನೆ’. ಒಂದೇ ಒಂದು ಉದ್ದನೆಯ ಸ್ವರವನ್ನು ಗಾಯಕಿ ಗಾಳಿಯಲ್ಲಿ ತೂಗಿಬಿಟ್ಟಂತೆ ಹಿಡಿಯುತ್ತಾರೆ, ಅದರಿಂದ ರಾಗವು ಮೆಟ್ಟಿಲಿಳಿದಂತೆ ಕೆಳಗೆ ಬರುತ್ತದೆ. ಆಕೆ ಅಳುತ್ತಿದ್ದಾಳೆ ಎಂದು ಸಾಹಿತ್ಯದಲ್ಲಿ ಸೂಚನೆಯಿದೆ, ಆದರೆ ನಿಜವಾಗಿ ಅಳುವ ಗಂಟಲಿನಿಂದ ಈ ಸಾಲನ್ನು ಹಾಡಲಾಗದು. ಉಸಿರನ್ನು ಅಲುಗಿಸದೆ ಸ್ವರಕ್ಕೆ ಮಾತ್ರ ಅಳುವಿನ ಬಣ್ಣ ಹಚ್ಚಬೇಕು. ಬಿಕ್ಕಳಿಕೆಯನ್ನು ಹಾಡಿನೊಳಗೆ ತುರುಕಿದವರು ಸುಲಭದ ದಾರಿ ಹಿಡಿದವರು. ಈ ಒಂದು ಸಾಲನ್ನು ಐದಾರು ಗಾಯಕಿಯರಿಂದ ಒಂದರ ಹಿಂದೊಂದು ಕೇಳಿದರೆ ಅವರವರ ನಡುವಿನ ಅಂತರ ಯಾವ ಪುಸ್ತಕವೂ ಕಲಿಸದಷ್ಟು ಸ್ಪಷ್ಟವಾಗುತ್ತದೆ.

ಗಿಯೋರ್ಗಿಯು ಅವರ 1994ರ ಪ್ರದರ್ಶನದ ಹಿರಿಮೆ ನನಗೆ ಕಂಡದ್ದು ಇಲ್ಲಿಯೇ. ಬಿಬಿಸಿಯು ನಿಗದಿತ ಕಾರ್ಯಕ್ರಮಗಳನ್ನು ಬದಿಗಿಟ್ಟು ಪ್ರಸಾರ ಮಾಡಿದ ಆ ರಾತ್ರಿಯ ಖ್ಯಾತಿಗೆ ಅವರ ಚೆಲುವನ್ನೂ ಹೊಸತನವನ್ನೂ ಕಾರಣವಾಗಿ ಹೇಳುವುದುಂಟು, ಆದರೆ ಯುಗಳದಲ್ಲಿ ಅವರ ಮಧ್ಯಸ್ಥಾಯಿಯ ಬೆಚ್ಚಗಿನ ನಾದವೂ ಸಾಲನ್ನು ಕಡಿಯದೆ ಒಯ್ಯುವ ತಾಳ್ಮೆಯೂ ಅದಕ್ಕಿಂತ ಮಿಗಿಲಾದವು. ಯುಗಳದ ಬಳಿಕ, ಬೀಳ್ಕೊಡುವ ಗಳಿಗೆಯಲ್ಲಿ ‘ಆಮಾಮಿ, ಆಲ್ಫ್ರೆದೊ’ ಎಂಬ ಕೂಗು ಬರುತ್ತದೆ. ವಾದ್ಯವೃಂದವೆಲ್ಲ ಉಕ್ಕುವಾಗ ಅದರ ಮೇಲೆ ತೇಲಬಲ್ಲ ತುಂಬು ಕಂಠ ಬೇಕಾದ ಸ್ಥಳವಿದು. ಮೊದಲ ಅಂಕದ ಹಗುರ ಕಂಠದವರು ಇಲ್ಲಿ ಕಿರುಚುವುದನ್ನು ಕೇಳಬಹುದು.

*ಮೂರನೆಯ ಅಂಕ.* ಜೆರ್ಮೊಂತ್‌ನ ಪತ್ರವನ್ನು ವಿಯೊಲೆತ್ತಾ ಇಲ್ಲಿ ಹಾಡುವುದಿಲ್ಲ, ಓದುತ್ತಾಳೆ. ತಗ್ಗಿದ ದನಿಯಲ್ಲಿ, ನಾದವಿಲ್ಲದೆ, ಆದರೆ ಲಯ ತಪ್ಪದೆ ಓದಬೇಕೆಂದು ವೆರ್ದಿ ಸೂಚಿಸಿದ್ದಾನೆ. ಕೆಳಗೆ ತಂತಿವಾದ್ಯಗಳು ಹಳೆಯ ಪ್ರೇಮಗೀತೆಯನ್ನು ನುಡಿಸುತ್ತಿರುತ್ತವೆ. ಎದೆ ಬಿರಿಯುವಂತೆ ನಾಟಕೀಯವಾಗಿ ಓದುವವರು ಸಂಗೀತದ ಮೇಲೆ ಸವಾರಿ ಮಾಡುತ್ತಾರೆ. ಓದಿ ಓದಿ ಬಾಯಿಪಾಠವಾಗಿಹೋದ ಪತ್ರವನ್ನು ಮತ್ತೊಮ್ಮೆ ಓದುವವಳ ದಣಿವು ಕೇಳಿಸಿದರೆ ಸಾಕು. ನಂತರದ ‘ಅದ್ದಿಯೊ ದೆಲ್ ಪಸ್ಸಾತೊ’ ಒಂದು ಎತ್ತರದ ಸ್ವರದಲ್ಲಿ, ಎಳೆಯಷ್ಟು ತೆಳುವಾದ ದನಿಯಲ್ಲಿ ಮುಗಿಯಬೇಕು. ಆ ಎಳೆ ಕಡಿಯಬಾರದು, ದಪ್ಪವೂ ಆಗಬಾರದು. ಒಂದಿಷ್ಟು ನಡುಗಿದರೆ ನಾನಂತೂ ದೂರುವುದಿಲ್ಲ, ಸಾಯುತ್ತಿರುವವಳ ಸ್ವರ ಸ್ಟುಡಿಯೊದ ಗಾಜಿನಂತೆ ಹೊಳೆಯಬೇಕೆಂದೇನೂ ಇಲ್ಲ.

ಮುಖ, ಮೈ ಮತ್ತು ಕ್ಯಾಮೆರಾ

ಸ್ಟ್ರಾಟಸ್ ಅವರ ಚಿತ್ರವನ್ನು ಧ್ವನಿ ತೆಗೆದು ನೋಡಿದರೆ ಅದು ಒಂದು ಶ್ರೇಷ್ಠ ಮೂಕಿಚಿತ್ರದಂತೆ ಹಿಡಿದಿಡುತ್ತದೆ. ಸಣ್ಣ ಮೈಯ, ದೊಡ್ಡ ಕಣ್ಣುಗಳ ಅವರು ಖಾಲಿಯಾಗುತ್ತಿರುವ ಮನೆಯಲ್ಲಿ ನಡೆದಾಡುವುದನ್ನು ಕ್ಯಾಮೆರಾ ಬಿಡದೆ ಹಿಂಬಾಲಿಸುತ್ತದೆ. ಜೆಫಿರೆಲ್ಲಿ ಚಿತ್ರವನ್ನು ಆರಂಭಿಸುವುದೇ ಅಂತ್ಯದಿಂದ: ಸಾಮಾನು ಸಾಗಿಸಲು ಬಂದ ಕೆಲಸಗಾರ ಹುಡುಗನೊಬ್ಬ ಗೋಡೆಯ ಮೇಲಿನ ಅವಳ ಚಿತ್ರಪಟವನ್ನು ಬೆರಗಿನಿಂದ ನೋಡುತ್ತಾನೆ. ಪರದೆಗೆ ಬೆನ್ನು ಮಾಡಿ ಕೇಳಿದಾಗ ಮಾತ್ರ ಅದೇ ಗಾಯಕಿಯ ಮೇಲಿನ ಸ್ವರಗಳು ಬಿರುಸಾಗಿ, ಅಲ್ಲಲ್ಲಿ ತೇಯ್ದಂತೆ ಕೇಳಿಸುತ್ತವೆ. ಈ ಎರಡು ಟಿಪ್ಪಣಿಗಳಲ್ಲಿ ಒಂದನ್ನು ಅಳಿಸಿ ತೀರ್ಪು ಕೊಡಬೇಡಿ. ಆ ತೇಯ್ದ ದನಿಯೂ ಆ ಮುಖವೂ ಒಂದಕ್ಕೊಂದು ಹೊಂದಿಕೊಂಡು ಮೂರನೆಯ ಅಂಕದಲ್ಲಿ ಅಪೂರ್ವ ಪರಿಣಾಮ ಬೀರುತ್ತವೆ, ಮೊದಲ ಅಂಕದಲ್ಲಿ ಅವೇ ಕೊರತೆಯಾಗುತ್ತವೆ ಎಂದು ಎರಡನ್ನೂ ಬರೆಯಬಹುದು.

ಕ್ಯಾಮೆರಾ ಯಾರನ್ನು ತೋರಿಸುತ್ತದೆ ಎಂಬುದಕ್ಕಿಂತ ಯಾರನ್ನು ತೋರಿಸದೆ ಬಿಡುತ್ತದೆ ಎಂಬುದನ್ನು ಗಮನಿಸಿ. ಯುಗಳದಲ್ಲಿ ಜೆರ್ಮೊಂತ್ ಹಾಡುವಾಗ ಕೇಳಿಸಿಕೊಳ್ಳುವ ವಿಯೊಲೆತ್ತಾಳ ಮುಖ ನಮಗೆ ಬೇಕು. ಹಾಡುವವರ ಮೇಲೆಯೇ ಕ್ಯಾಮೆರಾ ನೆಟ್ಟಿದ್ದರೆ ಗಾಯಕಿಯ ಅರ್ಧ ಅಭಿನಯ ಕತ್ತಲೆಯಲ್ಲಿ ಕಳೆದುಹೋಗುತ್ತದೆ, ಅದರ ತಪ್ಪನ್ನು ಅವರ ತಲೆಗೆ ಕಟ್ಟಬಾರದು. ದೃಶ್ಯ ಕತ್ತರಿಸುವ ಜಾಗಗಳು ಸಂಗೀತದ ಸಾಲಿನ ಕೊನೆಯಲ್ಲಿ ಬಂದಿವೆಯೇ ಅಥವಾ ಸಾಲಿನ ನಡುವೆ ಕಣ್ಣಿಗೆ ಚುಚ್ಚುತ್ತವೆಯೇ ಎಂಬುದನ್ನೂ ನೋಡಿ.

ಗಾಯಕಿಯ ದೇಹದ ಬಗ್ಗೆ ಬರೆಯುವಾಗ ಈ ಕೃತಿಯ ಮೊದಲ ರಾತ್ರಿಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. 1853ರ ಮಾರ್ಚ್ 6ರಂದು ವೆನಿಸ್‌ನ ಲಾ ಫೆನಿಚೆ ರಂಗಮಂದಿರದಲ್ಲಿ ವಿಯೊಲೆತ್ತಾ ಆಗಿದ್ದ ಫ್ಯಾನಿ ಸಾಲ್ವಿನಿ-ದೊನಾತೆಲ್ಲಿ ಮೊದಲ ಅಂಕದ ಗಾಯನಕ್ಕೆ ಚಪ್ಪಾಳೆ ಗಿಟ್ಟಿಸಿದ್ದರೂ, ಸ್ಥೂಲಕಾಯದ ಅವರು ಕ್ಷಯದಿಂದ ಸಾಯುವುದನ್ನು ಕಂಡು ಜನ ನಕ್ಕರು. ಮರುವರ್ಷ ಮೇ 6ರಂದು ಅದೇ ಊರಿನ ಬೇರೊಂದು ರಂಗಮಂದಿರದಲ್ಲಿ, ತಿದ್ದಿದ ರೂಪದಲ್ಲಿ, ಬೇರೆ ಗಾಯಕಿಯೊಂದಿಗೆ ಕೃತಿ ಗೆದ್ದಿತು. ಹತ್ತಿರದಿಂದ ತೋರಿಸುವ ಕ್ಯಾಮೆರಾ ಆ ಹಳೆಯ ನಗುವನ್ನು ಇನ್ನಷ್ಟು ಸುಲಭವಾಗಿಸಿದೆ. ನಂಬಿಸುವುದು ಗಾಯಕಿಯ ಕೆಲಸ ಹೌದು, ಆದರೆ ನಂಬಿಕೆ ಹುಟ್ಟುವುದು ನಡಿಗೆಯಿಂದ, ನೋಟದಿಂದ, ಪದವನ್ನು ಉಚ್ಚರಿಸುವ ಬಗೆಯಿಂದ. ತೂಕದ ಬಗ್ಗೆ ಬರೆದ ವಾಕ್ಯವನ್ನು ತೆಗೆದುಹಾಕಿದರೂ ನಿಮ್ಮ ವಾದ ನಿಲ್ಲುವುದಾದರೆ ಆ ವಾಕ್ಯ ಬೇಡ.

ನಿರ್ದೇಶಕರ ಕಲ್ಪನೆ ಮತ್ತು ಜೊತೆಗಾರರು

ಡೆಕರ್ ಅವರ ಜಾಲ್ಟ್ಸ್‌ಬುರ್ಗ್ ರಂಗದಲ್ಲಿ ಪ್ಯಾರಿಸ್ ಇಲ್ಲ, ಝೂಮರ್ ದೀಪಗಳಿಲ್ಲ. ಬಾಗಿದ ಬಿಳಿಯ ಗೋಡೆ, ದೊಡ್ಡದೊಂದು ಗಡಿಯಾರ, ಕೆಂಪು ಉಡುಪಿನ ನೆಟ್ರೆಬ್ಕೊ, ಮೃತ್ಯುವಿನಂತೆ ಮೊದಲಿನಿಂದಲೂ ಕಾಯುತ್ತಿರುವ ವೈದ್ಯ ಇಷ್ಟೇ. ಇದು ವೆರ್ದಿಗೆ ಬಗೆದ ದ್ರೋಹ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. ವೆರ್ದಿ ಈ ಕಥೆಯನ್ನು ತನ್ನ ಕಾಲದ ಉಡುಪಿನಲ್ಲಿಯೇ ಆಡಿಸಬೇಕೆಂದು ಬಯಸಿದ್ದನು, ಅದನ್ನು ಹಳೆಯ ಕಾಲಕ್ಕೆ ತಳ್ಳಿದ್ದು ವೆನಿಸ್‌ನವರು. ಹಾಗೆಂದು ಹೊಸತೆಲ್ಲವೂ ಒಳ್ಳೆಯದಲ್ಲ. ಕಲ್ಪನೆಯು ಗಾಯಕಿಗೆ ಹಾಡಲು ಏನನ್ನು ಕೊಟ್ಟಿತು, ಏನನ್ನು ಕಿತ್ತುಕೊಂಡಿತು ಎಂದು ಕೇಳಿದರೆ ಸಾಕು. ಆ ಗಡಿಯಾರ ನೆಟ್ರೆಬ್ಕೊ ಅವರ ‘ಸೆಂಪ್ರೆ ಲೀಬೆರಾ’ದ ಅವಸರಕ್ಕೆ ಕಣ್ಣಿಗೆ ಕಾಣುವ ಕಾರಣ ಒದಗಿಸಿತು. ಇನ್ನೊಂದು ಕಡೆ, ಜೆಫಿರೆಲ್ಲಿಯವರ ಔತಣಕೂಟದಲ್ಲಿ ಪೀಠೋಪಕರಣಗಳ ವೈಭವದ ನಡುವೆ ವಿಯೊಲೆತ್ತಾಳನ್ನೇ ಹುಡುಕಬೇಕಾಗುತ್ತದೆ.

ಸಂಚಾಲಕರ ಲಯ, ಜೆರ್ಮೊಂತ್ ಪಾತ್ರಧಾರಿಯ ಸಹಕಾರ, ಆಲ್ಫ್ರೆದೊನ ಉತ್ಸಾಹ ಇವುಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಬಹುದು. ಆದರೆ ನಾಯಕಿಗೆ ಉಸಿರಾಡಲು ಅವರು ಜಾಗ ಕೊಟ್ಟರೇ ಎಂಬುದನ್ನು ತಪ್ಪದೆ ಹೇಳಿ.

ಬರೆಯುವಾಗ

ಪ್ರತಿಯೊಂದು ತೀರ್ಪಿಗೂ ಒಂದು ಸ್ಥಳವಿರಲಿ. ಧ್ವನಿ ಮಧುರವಾಗಿತ್ತು ಎಂಬ ವಾಕ್ಯ ಯಾರ ಬಗ್ಗೆಯಾದರೂ ಬರೆಯಬಹುದಾದದ್ದು. ಯಾವ ಅಂಕದ ಯಾವ ಪದದ ಮೇಲೆ, ಎಷ್ಟನೆಯ ನಿಮಿಷದಲ್ಲಿ, ಏನು ಕೇಳಿಸಿತು ಮತ್ತು ಅದರಿಂದ ಪಾತ್ರಕ್ಕೆ ಏನಾಯಿತು ಎಂದು ಬರೆದರೆ ಓದುಗರು ತಾವೇ ಹೋಗಿ ಕೇಳಿ ನಿಮ್ಮೊಂದಿಗೆ ಜಗಳವಾಡಬಹುದು. ಹಿಂದಿನ ತಲೆಮಾರಿನ ಪ್ರಸಿದ್ಧ ಸೊಪ್ರಾನೊ ಮರಿಯಾ ಕಾಲಸ್ ಅವರೊಂದಿಗೆ ಹೋಲಿಸುವ ಚಪಲವಿದ್ದರೆ ಅವರ ವಿಯೊಲೆತ್ತಾಳ ಪೂರ್ಣ ಚಿತ್ರ ಉಳಿದಿಲ್ಲ, ಧ್ವನಿಮುದ್ರಣಗಳು ಮಾತ್ರ ಇವೆ ಎಂಬುದು ನೆನಪಿರಲಿ. ಕಿವಿಯಿಂದ ಕೇಳಿದ್ದನ್ನು ಕಣ್ಣಿನಿಂದ ನೋಡಿದ್ದರ ಪಕ್ಕದಲ್ಲಿಟ್ಟು ತೂಗಿದರೆ ತಕ್ಕಡಿ ನೆಟ್ಟಗಿರುವುದಿಲ್ಲ.

ಬರೆದದ್ದನ್ನು ಪ್ರಕಟಣೆಗೆ ಕಳುಹಿಸುವ ಮೊದಲು ಎರಡು ತುಣುಕುಗಳನ್ನು ಒಂದರ ಹಿಂದೊಂದು ಹಾಕಿ ನೋಡಿ. ಮೊದಲ ಅಂಕದಲ್ಲಿ ಪ್ರೇಮದ ಸುಳಿವು ಸಿಕ್ಕಿದಾಗ ವಿಯೊಲೆತ್ತಾ ‘ಎ ಸ್ತ್ರಾನೊ’, ಎಂಥ ವಿಚಿತ್ರ, ಎಂದು ಹಾಡಿಕೊಳ್ಳುತ್ತಾಳೆ. ಕೊನೆಯ ದೃಶ್ಯದಲ್ಲಿ ನೋವೆಲ್ಲ ಮಾಯವಾದಂತೆ ಅನಿಸಿದಾಗ, ಕುಸಿಯುವುದಕ್ಕೆ ಕೆಲವೇ ಕ್ಷಣ ಮುಂಚೆ, ಅವವೇ ಎರಡು ಪದಗಳು ಅವಳ ಬಾಯಿಂದ ಬರಿಯ ಮಾತಾಗಿ ಹೊರಡುತ್ತವೆ. ಮೊದಲನೆಯದರ ಬೆರಗು ಎರಡನೆಯದರಲ್ಲಿ ಗಾಯಕಿಗೆ ನೆನಪಿತ್ತೇ, ಆ ಹೊತ್ತಿನಲ್ಲಿ ಕ್ಯಾಮೆರಾ ಅವರ ಮುಖದ ಮೇಲಿತ್ತೇ, ಮಾತಿನಿಂದ ಕೊನೆಯ ಏರುಸ್ವರಕ್ಕೆ ದಾಟುವಾಗ ದನಿ ಉಳಿದಿತ್ತೇ? ಎರಡೂ ತುಣುಕುಗಳು ಸೇರಿ ಕೆಲವೇ ನಿಮಿಷದ ಕೆಲಸ. ನಾನು ಇದನ್ನು ಮಾಡಿದ ಮೇಲೆ ಬರೆದದ್ದರಲ್ಲಿ ಒಂದೆರಡು ವಾಕ್ಯಗಳನ್ನಾದರೂ ತಿದ್ದದೆ ಇದ್ದದ್ದು ಕಡಿಮೆ.